ಬಾಸ್ ಹೊಡೆಯೋದು ಕಷ್ಟವಾ, ಇಪ್ಪತ್ತು ಜನರನ್ನು ಕೂಡಿಸೋದು ಕಷ್ಟವಾ?

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ, ಬಹಳ ಜನ ಒಟ್ಟಿಗೆ ಆಡುವ ಆನ್‌ಲೈನ್ ಗೇಮ್ ಆಡುವವರ ನಡುವೆ ಒಂದು ವಿಚಿತ್ರ ಜಗಳ ನಡೆಯುತ್ತಿದೆ. ಗೇಮ್ ಮಕ್ಕಳಾಟ ಆಗಿಹೋಯಿತು ಎಂದು ಕೆಲವರು ಸಿಟ್ಟಾಗಿದ್ದಾರೆ. ಇನ್ನು ಮುಂದೆ ಆಡೋದೇ ಕಷ್ಟ ಎಂದು ಬೇರೆ ಕೆಲವರು ಸಿಟ್ಟಾಗಿದ್ದಾರೆ. ತಮಾಷೆ ಏನೆಂದರೆ, ಇಬ್ಬರೂ ಬೊಟ್ಟು ಮಾಡುತ್ತಿರುವುದು ಒಂದೇ ಕಂಪನಿಯ ಒಂದೇ ಕಾಲದ ತೀರ್ಮಾನಗಳ ಕಡೆಗೆ.

ಸುದ್ದಿ ಇಷ್ಟು. ಮಿಡ್‌ನೈಟ್ ಎಂಬ ಹೊಸ ಕಂತಿನ ಜೊತೆಗೆ, ಕಾದಾಟದ ಮಾಹಿತಿ ಓದಿ ‘ಈಗ ಓಡು, ಈಗ ತಡೆ’ ಎಂದು ಆಟಗಾರನಿಗೆ ಹೇಳಿಕೊಡುವ ಆಡ್‌ಆನ್‌ಗಳಿಗೆ (ಗೇಮ್‌ಗೆ ಹೊರಗಿನವರು ಮಾಡಿ ಜೋಡಿಸುವ ಸಣ್ಣ ತಂತ್ರಾಂಶಗಳಿಗೆ) ಗೇಮ್ ಮಾಡಿದ ಕಂಪನಿ ಬ್ಲಿಝಾರ್ಡ್ ಕಡಿವಾಣ ಹಾಕಲು ಹೊರಟಿತು. ವರ್ಷಗಳಿಂದ ಅವುಗಳನ್ನೇ ನಂಬಿಕೊಂಡಿದ್ದ ಗಿಲ್ಡ್‌ಗಳಿಗೆ, ಅಂದರೆ ಆಟಗಾರರ ಕಾಯಂ ಗುಂಪುಗಳಿಗೆ, ಇದು ಕಷ್ಟ ಹೆಚ್ಚಿಸಿದ ಹಾಗೆ. ಅದಕ್ಕೂ ಮೊದಲು, 2025ರಲ್ಲೇ, ಒಂದೇ ಬಟನ್ ಒತ್ತುತ್ತಾ ಹೋದರೆ ಮುಂದಿನ ಹೊಡೆತವನ್ನು ಗೇಮ್ ತಾನೇ ಆರಿಸಿಕೊಡುವ ಸೌಲಭ್ಯ ಬಂದಿತ್ತು. 2024ರ ಆಗಸ್ಟ್‌ನಲ್ಲಿ ಬಂದ ದಿ ವಾರ್ ವಿದಿನ್ ಕಂತು ಡೆಲ್ವ್ ಎಂಬ ಸಣ್ಣ ಗುಹೆಗಳನ್ನು ತಂದಿತ್ತು. ಅಲ್ಲಿಗೆ ಒಬ್ಬರೇ ಹೋಗಬಹುದು, ಐದು ಜನರವರೆಗೆ ಗುಂಪಾಗಿಯೂ ಹೋಗಬಹುದು. ಒಬ್ಬರೇ ಹೋದರೂ ಸಾಕಷ್ಟು ಒಳ್ಳೆಯ ಗೇರ್ (ಕತ್ತಿ, ಕವಚದಂಥ ಸಲಕರಣೆ) ಸಿಗುತ್ತದೆ.

ಹಾಗಾದರೆ ಗೇಮ್ ಸುಲಭ ಆಗುತ್ತಿದೆಯಾ, ಕಷ್ಟ ಆಗುತ್ತಿದೆಯಾ? ಈ ಪ್ರಶ್ನೆಗೆ ಉತ್ತರ ಸಿಗದೇ ಇರುವುದಕ್ಕೆ ಕಾರಣ, ಕಷ್ಟ ಎಂಬ ಒಂದೇ ಪದದೊಳಗೆ ಎರಡು ಬೇರೆ ಬೇರೆ ಸಂಗತಿಗಳು ಕೂತಿರುವುದು.

ಒಂದು ಹೆಸರು, ಎರಡು ಕಷ್ಟ

ಒಂದು ಹಳೇ ಬಾಸ್ ತಗೊಳ್ಳೋಣ, ಅಂದರೆ ಹೊಡೆದುರುಳಿಸಬೇಕಾದ ಒಬ್ಬ ದೊಡ್ಡ ಶತ್ರು. 2004ರಲ್ಲಿ ಗೇಮ್ ಬಂದಾಗ ಮೋಲ್ಟನ್ ಕೋರ್ ಎಂಬ ರೈಡ್ (ದೊಡ್ಡ ಗುಂಪು ಸೇರಿ ಬಾಸ್‌ಗಳನ್ನು ಹೊಡೆಯುವ ತಾಣ) ಇತ್ತು, ನಲವತ್ತು ಜನರದ್ದು. ಅಲ್ಲೊಬ್ಬ ಬ್ಯಾರನ್ ಗೆಡ್ಡನ್, ಬೆಂಕಿಯ ಮುದ್ದೆ. ಆಗಾಗ ಅವನು ಒಬ್ಬ ಆಟಗಾರನನ್ನು ಬಾಂಬ್ ಮಾಡಿಬಿಡುತ್ತಾನೆ. ಕೆಲವು ಸೆಕೆಂಡ್‌ಗಳಲ್ಲಿ ಆ ಆಟಗಾರ ಸಿಡಿಯುತ್ತಾನೆ, ಅಕ್ಕಪಕ್ಕ ಇದ್ದವರಿಗೆಲ್ಲ ಪೆಟ್ಟು. ಮಾಡಬೇಕಾದ ಕೆಲಸ ಒಂದೇ: ನೀವು ಬಾಂಬ್ ಆದರೆ ಗುಂಪು ಬಿಟ್ಟು ದೂರ ಓಡಿ.

ಇದರಲ್ಲಿ ಕೈಚಳಕ ಏನಿದೆ? ಏನೂ ಇಲ್ಲ. ಓಡೋದು ಯಾರಿಗೆ ಬರಲ್ಲ? ಆದರೂ ಗುಂಪಿಗೆ ಗುಂಪೇ ಸಾಯುತ್ತಿತ್ತು. ಯಾಕೆಂದರೆ ನಲವತ್ತು ಜನರಲ್ಲಿ ಒಬ್ಬ ಆ ಹೊತ್ತಿಗೆ ನೀರು ಕುಡಿಯಲು ಎದ್ದಿರುತ್ತಿದ್ದ, ಇನ್ನೊಬ್ಬನ ಇಂಟರ್ನೆಟ್ ತೆವಳುತ್ತಿತ್ತು, ಮತ್ತೊಬ್ಬ ತಾನೇ ಬಾಂಬ್ ಎಂದು ಗಮನಿಸಿಯೇ ಇರುತ್ತಿರಲಿಲ್ಲ.

ಇದನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಕಾದಾಟದಲ್ಲಿ ಪ್ರತಿಯೊಬ್ಬರೂ ತಪ್ಪು ಮಾಡದೇ ಇರುವ ಸಾಧ್ಯತೆ 95% ಅಂದುಕೊಳ್ಳಿ. ಒಬ್ಬರ ಮಟ್ಟಿಗೆ ಇದು ಒಳ್ಳೆಯ ಅಂಕವೇ. ಒಬ್ಬರ ತಪ್ಪು ಇನ್ನೊಬ್ಬರ ತಪ್ಪನ್ನು ಎಳೆದು ತರುವುದಿಲ್ಲ ಎಂದೂ ಇಟ್ಟುಕೊಳ್ಳಿ. ಐದು ಜನರ ಗುಂಪಿನಲ್ಲಿ ಯಾರೂ ತಪ್ಪದೇ ಇರುವ ಸಾಧ್ಯತೆ ಸುಮಾರು 77% ಆಗುತ್ತದೆ. ಇಪ್ಪತ್ತು ಜನ ಆದರೆ 36%. ನಲವತ್ತು ಜನರಿಗೆ ಬಂದರೆ ಬರೀ 13%. ಬಾಸ್ ಒಂದಿಷ್ಟೂ ಬದಲಾಗಿಲ್ಲ, ಆಟಗಾರರ ಕೈಯೂ ಬದಲಾಗಿಲ್ಲ. ತಲೆ ಎಣಿಕೆ ಮಾತ್ರ ಜಾಸ್ತಿಯಾಯಿತು.

ಬಾಸ್ ಎದುರು ಬೇಕಾಗುವ ಕೈಚಳಕದ ಕಷ್ಟವನ್ನು ಬಾಸ್ ಕಷ್ಟ ಎನ್ನೋಣ, ಅಷ್ಟು ಜನರನ್ನು ಕೂಡಿಸಿ ತಪ್ಪಿಲ್ಲದೆ ಆಡಿಸುವ ಕಷ್ಟವನ್ನು ಜನ ಕಷ್ಟ. ಜನ ಕಷ್ಟ ಕಾದಾಟಕ್ಕೆ ಮೊದಲೇ ಶುರುವಾಗುತ್ತದೆ. ಎಲ್ಲರಿಗೂ ಒಗ್ಗುವ ಹೊತ್ತು ಹುಡುಕಬೇಕು. ಪೆಟ್ಟು ತಿನ್ನುವ ಟ್ಯಾಂಕ್, ಗಾಯ ವಾಸಿ ಮಾಡುವ ಹೀಲರ್, ಹೊಡೆಯುವವರು ಸರಿಯಾದ ಅಳತೆಯಲ್ಲಿ ಇರಬೇಕು. ಹೊಸಬರಿಗೆ ಹೇಳಿಕೊಡಬೇಕು. ಸೋತಾಗ ಜಗಳ ಬಿಡಿಸಬೇಕು.

ಬಾಸ್ ಕಷ್ಟಕ್ಕಿಂತ ಜನ ಕಷ್ಟ, ಮತ್ತು ಅದರ ಜೊತೆಗಿನ ಮಾಹಿತಿಯ ಕೊರತೆ, ಎಷ್ಟು ದೊಡ್ಡದು ಎನ್ನುವುದಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ. ಮೋಲ್ಟನ್ ಕೋರ್‌ನ ಕೊನೆಯ ಬಾಸ್ ರಾಗ್ನರೋಸ್ ಮೊದಲ ಸಲ ಬಿದ್ದದ್ದು 2005ರ ಏಪ್ರಿಲ್‌ನಲ್ಲಿ, ಗೇಮ್ ಬಂದು ಐದು ತಿಂಗಳಾದ ಮೇಲೆ. 2019ರ ಆಗಸ್ಟ್‌ನಲ್ಲಿ ಅದೇ ಹಳೇ ಗೇಮ್ ‘ಕ್ಲಾಸಿಕ್’ ಹೆಸರಲ್ಲಿ ಮತ್ತೆ ಬಂತು. ಈ ಸಲ ರಾಗ್ನರೋಸ್ ಒಂದು ವಾರವೂ ಬಾಳಲಿಲ್ಲ. ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿತ್ತು, ಗುಂಪುಗಳು ಮೊದಲೇ ತಯಾರಾಗಿ ನಿಂತಿದ್ದವು.

ಎರಡಕ್ಕೂ ಒಂದೇ ಕೂಲಿ

ಈಗ ಬಹುಮಾನದ ವಿಷಯ. ಈ ಬಗೆಯ ಗೇಮ್‌ಗಳಲ್ಲಿ ಬಹುಮಾನ ಎಂದರೆ ಮುಖ್ಯವಾಗಿ ಗೇರ್: ಕತ್ತಿ, ಕವಚ, ಉಂಗುರ. ಪ್ರತಿಯೊಂದಕ್ಕೂ ಐಟಂ ಲೆವೆಲ್ ಎಂಬ ಒಂದು ಸಂಖ್ಯೆ. ಸಂಖ್ಯೆ ಏರಿದಷ್ಟೂ ಶಕ್ತಿ ಏರುತ್ತದೆ.

ಗೇರ್ ಎರಡು ಕೆಲಸ ಮಾಡುತ್ತದೆ. ಅದು ಮುಗಿದ ಕೆಲಸಕ್ಕೆ ಸಿಗುವ ಕೂಲಿ. ಜೊತೆಗೆ ಮುಂದಿನ ಕೆಲಸಕ್ಕೆ ಬೇಕಾದ ಸಲಕರಣೆ. ಓಟದಲ್ಲಿ ಗೆದ್ದವನಿಗೆ ಪದಕದ ಬದಲು ಇನ್ನೂ ಚೆನ್ನಾಗಿರುವ ಬೂಟು ಕೊಟ್ಟ ಹಾಗೆ. ಮುಂದಿನ ಓಟದಲ್ಲಿ ಅವನು ಇನ್ನಷ್ಟು ಮುಂದೆ, ಉಳಿದವರು ಇನ್ನಷ್ಟು ಹಿಂದೆ.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಬಾಸ್ ಕಷ್ಟಕ್ಕೂ ಜನ ಕಷ್ಟಕ್ಕೂ ಗೇಮ್‌ಗಳು ಕೊಡುವುದು ಇದೇ ಒಂದು ನಾಣ್ಯ. ಹಾಗಾಗಿ ‘ಒಬ್ಬನೇ ಆಡುವವನಿಗೆ ಈ ಗೇರ್ ಯಾಕೆ?’ ಎಂದು ಕೇಳುವವರು ಒಂದು ಕಷ್ಟವನ್ನು ಎಣಿಸುತ್ತಿರುತ್ತಾರೆ, ‘ನಾನೂ ಕಷ್ಟಪಟ್ಟೆನಲ್ಲ’ ಎನ್ನುವವರು ಇನ್ನೊಂದನ್ನು.

ಹಂಚಿಕೆಯ ಜಗಳವಂತೂ ಈ ಗೇಮ್‌ಗಳಷ್ಟೇ ಹಳೆಯದು. 1999ರಲ್ಲಿ ಬಂದ ಎವರ್‌ಕ್ವೆಸ್ಟ್‌ನಲ್ಲಿ ಹತ್ತಾರು ಜನ ಸೇರಿ ಒಂದು ಡ್ರ್ಯಾಗನ್ ಹೊಡೆದರೆ ಕೈಗೆ ಬರುತ್ತಿದ್ದದ್ದು ಬೆರಳೆಣಿಕೆಯ ವಸ್ತು. ಯಾರಿಗೆ ಕೊಡೋದು? ಆಟಗಾರರೇ ಒಂದು ಲೆಕ್ಕದ ಪುಸ್ತಕ ಶುರು ಮಾಡಿದರು. ರೈಡ್‌ಗೆ ಬಂದರೆ ಅಂಕ, ವಸ್ತು ತಗೊಂಡರೆ ಅಂಕ ಕಡಿತ. ಡಿಕೆಪಿ ಎಂದು ಅದಕ್ಕೆ ಹೆಸರು, ಡ್ರ್ಯಾಗನ್ ಕೊಂದ ಅಂಕ ಎಂಬ ಅರ್ಥದಲ್ಲಿ. ಗಮನಿಸಿ, ಅದು ಮುಖ್ಯವಾಗಿ ಅಳೆಯುತ್ತಿದ್ದದ್ದು ಹಾಜರಿಯನ್ನು. ಚೆನ್ನಾಗಿ ಆಡಿದವನಿಗಿಂತ ತಪ್ಪದೇ ಬಂದವನಿಗೆ ಮೊದಲ ಪಾಲು. ಜನ ಕಷ್ಟ ಎಂಬುದೊಂದು ಇದೆ, ಅದಕ್ಕೂ ಬೆಲೆ ಕಟ್ಟಬೇಕು ಎನ್ನುವುದು ಗೇಮ್ ಮಾಡಿದವರಿಗಿಂತ ಮೊದಲು ಆಡುವವರಿಗೆ ಹೊಳೆದಿತ್ತು.

ಹಿಂದೆ ಏನೇನು ಮಾಡಿ ನೋಡಿದರು

ಬ್ಲಿಝಾರ್ಡ್‌ಗೆ ಈ ತಲೆನೋವು ಹೊಸದೇನೂ ಅಲ್ಲ. 2006ರಲ್ಲಿ ನಾಕ್ಸ್‌ರಾಮಾಸ್ ಎಂಬ ನಲವತ್ತು ಜನರ ದೊಡ್ಡ ರೈಡ್ ಮಾಡಿತು. ಅದರ ಒಳಗೆ ಕಾಲಿಟ್ಟವರೇ ತೀರಾ ಕಡಿಮೆ. ಅಷ್ಟು ದುಡಿದು ಕಟ್ಟಿದ ಅರಮನೆಯನ್ನು ಯಾರೂ ನೋಡಲಿಲ್ಲ ಎಂದರೆ ಯಾವ ಕಂಪನಿಗೂ ಉರಿಯುತ್ತದೆ. 2007ರಿಂದ ರೈಡ್‌ಗಳು 25 ಮತ್ತು 10 ಜನರಿಗೆ ಇಳಿದವು. 2008ರಲ್ಲಿ ಅದೇ ನಾಕ್ಸ್‌ರಾಮಾಸ್ ಈ ಅಳತೆಯಲ್ಲಿ, ಸುಲಭವಾಗಿ ವಾಪಸ್ ಬಂತು.

ರೈಡ್‌ಗಿಂತ ಚಿಕ್ಕ, ಐದು ಜನರ ತಾಣಗಳಿಗೆ ಡಂಜನ್ ಎಂದು ಹೆಸರು. 2009ರ ಡಿಸೆಂಬರ್‌ನಲ್ಲಿ ಡಂಜನ್ ಫೈಂಡರ್ ಬಂತು. ಬಟನ್ ಒತ್ತಿದರೆ ಸಾಕು, ಗೇಮ್ ತಾನೇ ಐದು ಅಪರಿಚಿತರನ್ನು ಹುಡುಕಿ ಒಂದು ಗುಂಪು ಮಾಡುತ್ತದೆ. ಜನ ಕಷ್ಟದ ದೊಡ್ಡ ಭಾಗ ಒಂದೇ ಏಟಿಗೆ ಹೋಯಿತು. ಸರಿಯಾಗಿ ಒಂದು ವರ್ಷದ ನಂತರ ಕ್ಯಾಟಕ್ಲಿಸಮ್ ಕಂತು ಬಂದಾಗ ಡಂಜನ್‌ಗಳ ಬಾಸ್ ಕಷ್ಟವನ್ನು ಚೆನ್ನಾಗಿ ಏರಿಸಿದರು. ಎಡವಟ್ಟಾದದ್ದು ಇಲ್ಲೇ. ಕಠಿಣ ಡಂಜನ್‌ಗೆ ಒಬ್ಬರನ್ನೊಬ್ಬರು ಬಲ್ಲ ಗುಂಪು ಬೇಕು. ಬಟನ್ ತಂದುಕೊಡುವುದು ಹೆಸರೂ ಗೊತ್ತಿಲ್ಲದ ಐದು ಜನರನ್ನು. ಎರಡು ಸಲ ಸತ್ತರೆ ಒಬ್ಬ ಮಾತಿಲ್ಲದೆ ಎದ್ದು ಹೋಗುತ್ತಾನೆ. ದೂರುಗಳ ಮಳೆ ಸುರಿಯಿತು. 2011ರ ಜನವರಿಯಲ್ಲಿ ಗೇಮ್‌ನ ಪ್ರಮುಖ ವಿನ್ಯಾಸಕಾರ ಗ್ರೆಗ್ ಸ್ಟ್ರೀಟ್ ಒಂದು ಉದ್ದನೆಯ ಲೇಖನ ಬರೆದು ಕಷ್ಟವನ್ನು ಸಮರ್ಥಿಸಿಕೊಳ್ಳಬೇಕಾಯಿತು.

2010ರ ಅಕ್ಟೋಬರ್‌ನಲ್ಲಿ 1.2 ಕೋಟಿ ಇದ್ದ ಚಂದಾದಾರರು ಒಂದು ವರ್ಷದಲ್ಲಿ 1.03 ಕೋಟಿಗೆ ಇಳಿದರು. ಡಂಜನ್ ಕಷ್ಟವೊಂದೇ ಇದಕ್ಕೆ ಕಾರಣ ಎಂದು ಹೇಳಲು ಬರುವುದಿಲ್ಲ. ಆದರೆ ಕಂಪನಿ ಮುಂದೆ ಇಟ್ಟ ಹೆಜ್ಜೆ ಅದರ ಯೋಚನೆ ಯಾವ ಕಡೆ ಹೋಯಿತು ಎಂದು ತೋರಿಸುತ್ತದೆ. 2011ರ ನವೆಂಬರ್‌ನಲ್ಲಿ ರೈಡ್‌ಗೂ ಬಟನ್ ಬಂತು, 25 ಅಪರಿಚಿತರು ಸೇರಿ ಆಡುವ ಸುಲಭ ರೈಡ್. ಈಗಂತೂ ಅಲ್ಲಿ ಸೋತ ಪ್ರತಿ ಸಲವೂ ಎಲ್ಲರ ಶಕ್ತಿ ಸ್ವಲ್ಪ ಏರುತ್ತದೆ. ಸೋಲುತ್ತಾ ಹೋದರೆ ಒಂದಲ್ಲ ಒಂದು ಸಲ ಗೆದ್ದೇ ಗೆಲ್ಲುತ್ತೀರಿ.

ಉಲ್ಟಾ ದಾರಿ ಹಿಡಿದವರೂ ಇದ್ದರು. 2014ರ ವೈಲ್ಡ್‌ಸ್ಟಾರ್ ಎಂಬ ಗೇಮ್ ‘ಹಳೇ ಕಾಲದ ಕಷ್ಟ ಬೇಕಾ, ಬನ್ನಿ’ ಎಂದು ಎದೆ ತಟ್ಟಿಕೊಂಡು ಬಂತು. ನಲವತ್ತು ಜನರ ರೈಡ್, ಅದರ ಬಾಗಿಲು ತೆರೆಯಲು ಉದ್ದದ ಹಂತಗಳ ಸರಮಾಲೆ. ಮರುವರ್ಷವೇ ಉಚಿತವಾಯಿತು, 2018ರಲ್ಲಿ ಬಾಗಿಲು ಮುಚ್ಚಿತು. ಅದಕ್ಕೂ ಹಲವು ಕಾರಣಗಳಿದ್ದವು. ಆದರೆ ಕಷ್ಟ ಬೇಕು ಎಂದು ಕೂಗಿದಷ್ಟು ಜನ ಕಷ್ಟಪಡಲು ಬರಲಿಲ್ಲ ಎನ್ನುವುದಂತೂ ನಿಜ.

ವಾದ ಮಾಡುವವರು ಯಾರು, ಅವರಿಗೆ ಬೇಕಾದದ್ದೇನು

ಗುಂಪಿನಲ್ಲಿ ಆಡುವವರ ಮಾತು ಸರಳ. ವಾರಕ್ಕೆ ಎರಡು ಮೂರು ರಾತ್ರಿ ಇಪ್ಪತ್ತು ಜನರ ಹೊತ್ತು ಹೊಂದಿಸಿ ಒದ್ದಾಡುತ್ತೇವೆ. ಅಷ್ಟೇ ಗೇರ್ ಒಬ್ಬನೇ ಗುಹೆಗೆ ಹೋಗಿ ಬಂದವನಿಗೆ ಸಿಕ್ಕರೆ ನಾವು ಸುಮ್ನೆ ಯಾಕೆ ಒದ್ದಾಡಬೇಕು? ಇದರಲ್ಲಿ ಹೊಟ್ಟೆಕಿಚ್ಚು ಇಲ್ಲವೇ ಇಲ್ಲ ಎಂದಲ್ಲ. ಆದರೆ ವಾದ ಪೊಳ್ಳಲ್ಲ.

ಒಬ್ಬರೇ ಆಡುವವರ ಉತ್ತರ: ನಾವೂ ಅಷ್ಟೇ ಚಂದಾ ಕಟ್ಟುತ್ತೇವೆ. ರಾತ್ರಿ ಮಗು ಎದ್ದರೆ ಎದ್ದು ಹೋಗಬೇಕು, ಮೂರು ಗಂಟೆ ಒಂದೇ ಸಮನೆ ಕೂರಲು ಆಗುವುದಿಲ್ಲ. ಅಂದಮಾತ್ರಕ್ಕೆ ನಮಗೆ ಆಡಲು ಬರುವುದಿಲ್ಲ ಎಂದೇನೂ ಅಲ್ಲವಲ್ಲ. ಡೆಲ್ವ್‌ಗೆ ಹನ್ನೊಂದು ಹಂತಗಳಿವೆ, ಮೇಲಿನ ಹಂತಗಳು ಒಬ್ಬರಿಗೆ ನಿಜಕ್ಕೂ ಬೆವರಿಳಿಸುತ್ತವೆ. ಅಂದರೆ ಅವರು ಬಾಸ್ ಕಷ್ಟ ತೋರಿಸುತ್ತಿದ್ದಾರೆ, ಎದುರಿನವರು ಜನ ಕಷ್ಟ.

ಇವರಿಬ್ಬರ ನಡುವೆ ಸಿಕ್ಕಿಕೊಂಡ ಇನ್ನೊಂದು ಗುಂಪಿದೆ, ಅವರ ದನಿ ಅಷ್ಟಾಗಿ ಕೇಳಿಸುವುದಿಲ್ಲ. ಅವರಿಗೆ ಗುಂಪಿನಲ್ಲಿ ಆಡುವ ಆಸೆ ಇದೆ, ಯಾರೂ ಸೇರಿಸಿಕೊಳ್ಳುವುದಿಲ್ಲ. 2016ರಲ್ಲಿ ಬಂದ ಮಿಥಿಕ್ ಪ್ಲಸ್ ಡಂಜನ್‌ಗಳನ್ನು ನೋಡಿ. ಐದು ಜನ, ಗಡಿಯಾರದ ವಿರುದ್ಧ ಓಟ. ಹೊತ್ತು ಮೀರಿದರೆ ಒಳಗೆ ಹೋಗಲು ಬಳಸಿದ ಕೀಲಿಯ ಮಟ್ಟ ಇಳಿಯುತ್ತದೆ. ಒಬ್ಬ ಅರ್ಧಕ್ಕೆ ಬಿಟ್ಟು ಹೋದರೆ ಉಳಿದ ನಾಲ್ವರ ಅರ್ಧ ಗಂಟೆ ನೀರುಪಾಲು. ಹೀಗಾಗಿ ಗುಂಪು ಕಟ್ಟುವವರು ಅರ್ಜಿ ಹಾಕಿದವರ ಐಟಂ ಲೆವೆಲ್, ಹಳೇ ಅಂಕ ಎಲ್ಲ ನೋಡಿ ಸೋಸುತ್ತಾರೆ. ಗೇರ್ ಬೇಕೆಂದರೆ ಗುಂಪು ಬೇಕು, ಗುಂಪು ಬೇಕೆಂದರೆ ಗೇರ್ ಬೇಕು. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ. ಇಂಥವರಿಗೆ ಡೆಲ್ವ್ ಎಂದರೆ ಗುಂಪಿನೊಳಗೆ ಹೋಗಲು ಸಿಕ್ಕ ಏಣಿ.

ಏಣಿಯೂ ಹೌದು, ಹಿಂಬಾಗಿಲೂ ಹೌದು

ಆ ಏಣಿ ಎಷ್ಟು ಎತ್ತರ ಇರಬೇಕು ಎನ್ನುವುದರಲ್ಲೇ ಎಲ್ಲ ಇದೆ. ಗೇಮ್‌ನಲ್ಲಿ ಗ್ರೇಟ್ ವಾಲ್ಟ್ ಎಂಬ ಪೆಟ್ಟಿಗೆ ಇದೆ. ಆ ವಾರ ನೀವು ಏನೇನು ಮಾಡಿದ್ದೀರೋ ಅದನ್ನು ನೋಡಿ ಮುಂದಿನ ವಾರ ಕೆಲವು ವಸ್ತು ತೋರಿಸುತ್ತದೆ, ಒಂದನ್ನು ಆರಿಸಿಕೊಳ್ಳಬಹುದು. ದಿ ವಾರ್ ವಿದಿನ್‌ನಲ್ಲಿ ಎಂಟನೇ ಹಂತದ ಡೆಲ್ವ್ ಮುಗಿಸಿದವರಿಗೆ ಈ ಪೆಟ್ಟಿಗೆಯಲ್ಲಿ ಹೆಚ್ಚೂ ಕಡಿಮೆ ಹೀರೋಯಿಕ್ ರೈಡ್ ಮಟ್ಟದ ಗೇರ್ ಸಿಗುತ್ತಿತ್ತು. ಹೀರೋಯಿಕ್ ಎಂದರೆ ರೈಡ್‌ನ ನಾಲ್ಕು ಮಟ್ಟಗಳಲ್ಲಿ ಮೇಲಿನಿಂದ ಎರಡನೆಯದು. ಎಲ್ಲಕ್ಕಿಂತ ಮೇಲಿನ ಮಿಥಿಕ್ ಗೇರ್ ಮಾತ್ರ ಡೆಲ್ವ್‌ಗೆ ನಿಲುಕದು. ವಾರಕ್ಕೆ ಒಂದೇ ವಸ್ತು ಎಂಬ ಮಿತಿಯೂ ಇದೆ, ಆದ್ದರಿಂದ ಗುಂಪಿನಲ್ಲಿ ಆಡುವವರು ಬೇಗ ಮುಂದೆ ಹೋಗುತ್ತಾರೆ.

ಕಾಗದದ ಮೇಲೆ ನ್ಯಾಯವಾಗಿಯೇ ಇದೆ, ಅಲ್ವಾ? ತೊಂದರೆ ಆಗುವುದು ಮಿಥಿಕ್ ಆಡುವ ದೊಡ್ಡ ಗಿಲ್ಡ್‌ಗಳಿಗಲ್ಲ. ಪೆಟ್ಟು ಬೀಳುವುದು ಮಧ್ಯಮ ಗಿಲ್ಡ್‌ಗಳಿಗೆ. ಹದಿನಾಲ್ಕು ಜನರ ಒಂದು ಗಿಲ್ಡ್ ಊಹಿಸಿಕೊಳ್ಳಿ. ಅವರಲ್ಲಿ ನಾಲ್ಕು ಜನ ಬರುತ್ತಿದ್ದದ್ದು ಗೇರ್‌ಗಾಗಿ, ಹರಟೆ ಅವರಿಗೆ ಎರಡನೇ ಮಾತು. ಈಗ ಅವರಿಗೆ ಬೇರೆ ದಾರಿ ಇದೆ, ಬರುವುದು ನಿಲ್ಲಿಸುತ್ತಾರೆ. ಅವರಲ್ಲಿ ಒಬ್ಬ ಹೀಲರ್ ಆಗಿದ್ದರೆ ಆ ರಾತ್ರಿ ರೈಡ್ ರದ್ದು. ಎರಡು ರಾತ್ರಿ ರದ್ದಾದರೆ, ಗೆಳೆತನಕ್ಕಾಗಿ ಬರುತ್ತಿದ್ದ ಉಳಿದವರೂ ಬೇಸತ್ತು ಬಿಡುತ್ತಾರೆ. ಒಬ್ಬ ಹೋದಾಗ ಉಳಿದವರಿಗೆಲ್ಲ ಜನ ಕಷ್ಟ ಏರುತ್ತದೆ, ಏರಿದ ಕಷ್ಟ ಇನ್ನೊಬ್ಬನನ್ನು ಹೊರಗೆ ತಳ್ಳುತ್ತದೆ. ಹೊರಗೆ ಹೋದ ಮೊದಲಿಗನ ತಪ್ಪು ಇದರಲ್ಲಿ ಏನೂ ಇಲ್ಲ.

ಇದಕ್ಕೇ ಇರಬೇಕು, ನಾರ್ಮಲ್ ಮತ್ತು ಹೀರೋಯಿಕ್ ರೈಡ್‌ಗಳಿಗೆ 10ರಿಂದ 30 ಜನ ಎಷ್ಟಿದ್ದರೂ ಬಾಸ್ ತಾನೇ ಅಳತೆ ಹೊಂದಿಸಿಕೊಳ್ಳುವ ವ್ಯವಸ್ಥೆಯನ್ನು ಬ್ಲಿಝಾರ್ಡ್ ಕೈಬಿಟ್ಟಿಲ್ಲ. ನಾಲ್ಕು ಜನ ಬರದಿದ್ದರೂ ರಾತ್ರಿ ಉಳಿಯುತ್ತದೆ. ಮಿಥಿಕ್‌ಗೆ ಮಾತ್ರ ಲೆಕ್ಕ 20, ಒಂದು ತಲೆ ಹೆಚ್ಚಿಲ್ಲ. ಹತ್ತೊಂಬತ್ತು ಜನರೊಂದಿಗೆ ಒಳಗೆ ಹೋಗಬಹುದು, ಆದರೆ ಬಾಸ್ ಇಪ್ಪತ್ತು ಜನರ ಪೆಟ್ಟನ್ನೇ ಕೊಡುತ್ತಾನೆ.

ಬೇರೆಯವರು ಕೂಲಿಯನ್ನು ಹೇಗೆ ಬೇರ್ಪಡಿಸಿದರು

ಫೈನಲ್ ಫ್ಯಾಂಟಸಿ 14 ಎಂಬ ಇನ್ನೊಂದು ಆನ್‌ಲೈನ್ ಗೇಮ್‌ನ ಅತಿ ಕಠಿಣ ಕಾದಾಟಗಳಿಗೆ ಅಲ್ಟಿಮೇಟ್ ಎಂದು ಹೆಸರು. ಮೊದಲನೆಯದು 2017ರಲ್ಲಿ ಬಂತು. ಎಂಟು ಜನ, ವಾರಗಟ್ಟಲೆ ಅಭ್ಯಾಸ. ಗೆದ್ದರೆ ಸಿಗುವುದು ಮಿನುಗುವ ಆಯುಧ ಮತ್ತು ಒಂದು ಬಿರುದು. ಆ ಆಯುಧದ ಶಕ್ತಿ ಹೊಸ ಗೇರ್ ಬರುತ್ತಿದ್ದಂತೆ ಹಳತಾಗುತ್ತದೆ, ಅದರ ಹೊಳಪಿನ ಬೆಲೆ ಮಾತ್ರ ಇಳಿಯುವುದಿಲ್ಲ. ಪಟ್ಟಣದ ನಡುವೆ ಯಾರಾದರೂ ಅದನ್ನು ಬೆನ್ನಿಗೇರಿಸಿಕೊಂಡು ನಿಂತರೆ ನೋಡಿದವರಿಗೆ ಗೊತ್ತಾಗುತ್ತದೆ. ಇದು ಪದಕ, ಬೂಟಲ್ಲ. ಇದನ್ನು ಪಡೆಯದವನಿಗೆ ಯಾವ ನಷ್ಟವೂ ಇಲ್ಲ, ಆದ್ದರಿಂದ ಇದರ ಸುತ್ತ ಜಗಳವೂ ಕಡಿಮೆ.

ಜನ ಕಷ್ಟಕ್ಕೆ ಆ ಗೇಮ್ ಬೇರೆಯದೇ ಬೆಲೆ ಕಟ್ಟಿದೆ. ದಿನಕ್ಕೊಮ್ಮೆ ‘ಯಾವ ಡಂಜನ್ ಆದರೂ ಸರಿ’ ಎಂದು ಸಾಲಿಗೆ ನಿಂತರೆ ಹೆಚ್ಚುವರಿ ಬಹುಮಾನ. ಆ ಹೊತ್ತಿಗೆ ಯಾವ ಪಾತ್ರದವರು ಕಡಿಮೆ ಇದ್ದಾರೋ ಆ ಪಾತ್ರ ವಹಿಸಿದರೆ ಇನ್ನಷ್ಟು. ಗುಂಪಿನಲ್ಲಿ ಮೊದಲ ಸಲ ಬಂದವರಿದ್ದರೆ ಎಲ್ಲರಿಗೂ ಮತ್ತಷ್ಟು. ಹೊಸಬ ಹೊರೆ ಅನಿಸದೆ ಅದೃಷ್ಟ ಅನಿಸುವ ಹಾಗೆ ಮಾಡಿದ್ದಾರೆ. ಒಳ್ಳೆಯ ಉಪಾಯ. ಹಾಗಂತ ಅವರೂ ಎಡವಿಲ್ಲ ಎಂದಲ್ಲ. ಸ್ಯಾವೇಜ್ ಎಂಬ ಕಠಿಣ ರೈಡ್‌ಗಳಲ್ಲಿ ಬಹಳ ವರ್ಷ ಒಂದು ನಿಯಮ ಇತ್ತು: ಆ ವಾರ ಆಗಲೇ ಗೆದ್ದವನು ಗೆಳೆಯರ ಸಹಾಯಕ್ಕೆ ಬಂದರೆ ಗುಂಪಿಗೆ ಸಿಗುವ ಪೆಟ್ಟಿಗೆಯೇ ಕಡಿಮೆಯಾಗುತ್ತಿತ್ತು. ಸಹಾಯಕ್ಕೆ ದಂಡ.

2012ರ ಗಿಲ್ಡ್ ವಾರ್ಸ್ 2 ಎಂಬ ಗೇಮ್ ಗೇರ್‌ನ ಶಕ್ತಿಗೆ ಒಂದು ಚಾವಣಿ ಹಾಕಿತು, ಶುರುವಿನಲ್ಲಿ ಒಮ್ಮೆ ಏರಿಸಿದ್ದು ಬಿಟ್ಟರೆ ಮತ್ತೆ ಏರಿಸಲಿಲ್ಲ. 2015ರಲ್ಲಿ ಹತ್ತು ಜನರ ರೈಡ್ ತಂದಾಗ ಆಮಿಷ ಬೇಕಾಯಿತು. ಲೆಜೆಂಡರಿ ಕವಚ ಇಟ್ಟರು. ಶಕ್ತಿ ಅದೇ, ಆದರೆ ಅದರ ಗುಣಗಳನ್ನು ಬೇಕೆಂದಾಗ ಬದಲಿಸಬಹುದು, ನೋಟವೂ ಸೊಗಸು. 2023ರ ಕಂತಿನ ನಂತರ ರೈಡ್ ಆಗಲಿ, ಆಟಗಾರರ ನಡುವಿನ ಕಾದಾಟವಾಗಲಿ ಮಾಡದವರಿಗೂ ಅದೇ ಅನುಕೂಲದ ಕವಚಕ್ಕೆ ದಾರಿ ಸಿಕ್ಕಿತು, ರೈಡ್ ಕವಚದ ನೋಟ ಮಾತ್ರ ರೈಡ್‌ನವರಿಗೇ ಉಳಿಯಿತು.

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನ 2022ರ ಟೂಂಬ್ಸ್ ಆಫ್ ಅಮಾಸ್ಕಟ್ ಎಂಬ ರೈಡ್ ಕಷ್ಟದ ತಿರುಪನ್ನೇ ಆಟಗಾರನ ಕೈಗೆ ಕೊಟ್ಟಿತು. ಒಬ್ಬರಿಂದ ಎಂಟು ಜನ ಹೋಗಬಹುದು. ಬಾಸ್‌ಗೆ ಯಾವ ಯಾವ ಹೆಚ್ಚುವರಿ ಬಲ ಕೊಡಬೇಕು ಎಂದು ನೀವೇ ಆರಿಸಿ ರೈಡ್ ಮಟ್ಟ ಏರಿಸಿಕೊಳ್ಳಬೇಕು, ಏರಿದಷ್ಟೂ ಅಪರೂಪದ ವಸ್ತು ಸಿಗುವ ಸಾಧ್ಯತೆ ಜಾಸ್ತಿ. ಇಲ್ಲಿ ಕೂಲಿ ನೇರವಾಗಿ ಬಾಸ್ ಕಷ್ಟಕ್ಕೆ. ಎಷ್ಟು ಜನ ಬಂದಿರಿ ಎಂದು ಕೇಳಿ ಯಾರೂ ಮೂಗು ಮುರಿಯುವುದಿಲ್ಲ.

ಆಡ್‌ಆನ್ ಹೋದರೆ

ಈಗ ಮಿಡ್‌ನೈಟ್‌ಗೆ ವಾಪಸ್ ಬರೋಣ. ಗೆಡ್ಡನ್‌ನ ಬಾಂಬ್ ನೆನಪಿದೆಯಾ? ಕಾಲಕ್ರಮದಲ್ಲಿ ಆಡ್‌ಆನ್‌ಗಳು ಆ ಬಾಂಬನ್ನು ಗಮನಿಸುವ ಕೆಲಸ ತಾವು ತಗೊಂಡವು. ಪರದೆ ತುಂಬಾ ಅಕ್ಷರ, ಕಿವಿಗೆ ಗಂಟೆ: ನೀನೇ ಬಾಂಬ್, ಎಡಕ್ಕೆ ಓಡು. ಅಂದರೆ ಆಡ್‌ಆನ್‌ಗಳು ಮುಖ್ಯವಾಗಿ ಇಳಿಸಿದ್ದು ಜನ ಕಷ್ಟವನ್ನು. ಇದನ್ನು ನೋಡಿ ವಿನ್ಯಾಸಕಾರರು ಬಾಸ್‌ಗಳನ್ನು ಇನ್ನಷ್ಟು ಜಟಿಲ ಮಾಡಿದರು, ಆಡ್‌ಆನ್ ಮಾಡುವವರು ಅದನ್ನೂ ಬಿಡಿಸಿದರು. ಕೊನೆಗೆ ಆಡ್‌ಆನ್ ಇಲ್ಲದವನು ರೈಡ್‌ಗೆ ನಾಲಾಯಕ್ ಎಂಬ ಸ್ಥಿತಿ ಬಂತು. ಹೊಸಬರು ಬಾಸ್‌ಗಿಂತ ಮೊದಲು ಸೆಟ್ಟಿಂಗ್ಸ್ ಪುಟದ ಜೊತೆ ಕಾದಾಡಬೇಕಾಗಿತ್ತು.

ಕಡಿವಾಣದ ಜೊತೆಗೆ ಕಾದಾಟಗಳನ್ನೂ ಸರಳ ಮಾಡುತ್ತೇವೆ, ಮುಖ್ಯ ಎಚ್ಚರಿಕೆಗಳನ್ನು ಗೇಮ್‌ನೊಳಗೇ ಕೊಡುತ್ತೇವೆ ಎನ್ನುವುದು ಬ್ಲಿಝಾರ್ಡ್‌ನ ಮಾತು. ಎರಡೂ ಸರಿಸಮ ನಡೆದರೆ ಹೊಸಬರು ಗುಂಪಿಗೆ ಬರುವ ಬಾಗಿಲು ಸ್ವಲ್ಪ ಅಗಲವಾಗುತ್ತದೆ. ಸರಳ ಮಾಡುವುದು ಹಿಂದೆ ಬಿದ್ದರೆ ಕ್ಯಾಟಕ್ಲಿಸಮ್ ಕಥೆಯೇ ಮತ್ತೆ: ಜನ ಕಷ್ಟ ಏರುತ್ತದೆ, ಪಕ್ಕದಲ್ಲೇ ಡೆಲ್ವ್ ಎಂಬ ತೆರೆದ ಬಾಗಿಲು ಇರುತ್ತದೆ. 2010ರಲ್ಲಿ ಬೇಸತ್ತವರಿಗೆ ಗೇಮ್ ಬಿಡುವುದೊಂದೇ ದಾರಿಯಾಗಿತ್ತು. ಈಗಿನವರು ಚಂದಾ ಕಟ್ಟುತ್ತಲೇ ಗುಂಪು ಬಿಡಬಹುದು. ಕಂಪನಿಯ ಲೆಕ್ಕಕ್ಕೆ ಇದು ನಷ್ಟವೇ ಅಲ್ಲ, ಗಿಲ್ಡ್‌ಗಳಿಗೆ ಮಾತ್ರ ನಷ್ಟ.

ಯಾರೂ ಎಣಿಸದ ಕೆಲಸ

ಈ ಎಲ್ಲ ಲೆಕ್ಕಾಚಾರದಲ್ಲಿ ಒಬ್ಬರ ಹೆಸರು ಎಲ್ಲೂ ಬರುವುದಿಲ್ಲ. ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಮಂಗಳವಾರವೇ ಕೇಳಿ ಪಟ್ಟಿ ಮಾಡುವವರು. ಬಾಸ್‌ನ ವಿಡಿಯೊ ಮೊದಲೇ ನೋಡಿ ಇಪ್ಪತ್ತು ಜನರಿಗೆ ವಿವರಿಸುವವರು. ನಾಲ್ಕು ವಾರದಿಂದ ತಪ್ಪು ಮಾಡುತ್ತಿರುವ ಗೆಳೆಯನಿಗೆ ‘ಈ ಸಲ ನೀನು ಹೊರಗಿರು’ ಎಂದು ಹೇಳುವ ಕೆಟ್ಟ ಕೆಲಸ ಹೊತ್ತವರು. ರೈಡ್ ಲೀಡರ್ ಎಂದು ಕರೆಯುತ್ತೇವೆ. ಜನ ಕಷ್ಟದ ಬಹುಪಾಲು ಬೀಳುವುದು ಇವರೊಬ್ಬರ ತಲೆ ಮೇಲೆ.

ಬಾಸ್ ಬಿದ್ದಾಗ ಇವರಿಗೂ ಉಳಿದ ಹತ್ತೊಂಬತ್ತು ಜನರ ಹಾಗೆ ನೂರರವರೆಗಿನ ದಾಳ ಒಂದೇ ಸಲ ಎಸೆಯುವ ಅವಕಾಶ. ಹೆಲ್ಮೆಟ್ ಒಂದು ಬಿತ್ತು, ಎಲ್ಲರೂ ಎಸೆದರು, ಹೋದ ವಾರ ಸೇರಿದವನಿಗೆ 98 ಬಂತು, ಲೀಡರ್‌ಗೆ 7. ಲೀಡರ್ ಅಭಿನಂದನೆ ಹೇಳಿ, ಮುಂದಿನ ಬಾಸ್‌ನ ಬಾಗಿಲ ಹತ್ತಿರ ಎಲ್ಲರನ್ನೂ ಕರೆಯುತ್ತಾರೆ.